ಕಲ್ಯಾಣದ ಖಾಡಿಯಿಂದ ಕಾರ್ಲಾದ ಕಂಬಗಳವರೆಗೆ

ಕಲ್ಯಾಣ ಸ್ಟೇಷನ್ನಿನಲ್ಲಿ ದಿನಾ ಗಾಡಿ ಬದಲಿಸುವ ನಮಗೆ ಆ ಹೆಸರು ಒಂದು ಜಂಕ್ಷನ್ ಅಷ್ಟೆ. ಆದರೆ ಸುಮಾರು 2000 ವರ್ಷಗಳ ಹಿಂದೆ, ಕ್ರಿ.ಶ. ಮೊದಲನೆಯ ಶತಮಾನದ ನಡುಭಾಗದಲ್ಲಿ, ಈಜಿಪ್ಟಿನ ಕಡೆಯ ವರ್ತಕನೊಬ್ಬ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿಯಲ್ಲಿ ಈ ಹೆಸರಿದೆ. ‘ಕಲ್ಲಿಯೆನ’ ಎಂದು ಆತ ಬರೆದ ಊರು ಇದೇ ಕಲ್ಯಾಣ. ‘ಸೂಪ್ಪಾರ’ ಎಂದದ್ದು ನಾಲಾಸೋಪಾರ. ಹಿಂದೆ ಕಲ್ಯಾಣ ಕಾಯಿದೆಬದ್ಧವಾದ ವ್ಯಾಪಾರದ ಬಂದರಾಗಿತ್ತು, ದೊರೆ ಬದಲಾದ ಮೇಲೆ ಅಲ್ಲಿಗೆ ಅಡ್ಡಿ ಬಂತು, ತಪ್ಪಿ ಅಲ್ಲಿ ಲಂಗರು ಹಾಕಿದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಬರಿಗಾಜಾಕ್ಕೆ, ಅಂದರೆ ಇಂದಿನ ಭರೂಚ್‌ಗೆ, ಒಯ್ಯುವುದೂ ಉಂಟು ಎಂದು ಆತ ಹಡಗಿನವರನ್ನು ಎಚ್ಚರಿಸಿದ್ದಾನೆ. ಅದು ರೋಮ್ ಸಾಮ್ರಾಜ್ಯದ ಕಾಲ. ಮುಂಗಾರು ಗಾಳಿ ಹಿಡಿದು ಕೆಂಪು ಸಮುದ್ರದಿಂದ ಬಂದ ಹಡಗುಗಳು ಭಾರತದಿಂದ ಬಟ್ಟೆ, ಹರಳು, ಕಾಳುಮೆಣಸು ಹೊತ್ತು ಮರಳುತ್ತಿದ್ದವು. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ಹರಿದು ಹೋಗುತ್ತಿದೆ ಎಂದು ರೋಮಿನ ಪ್ಲಿನಿ ಅದೇ ಶತಮಾನದಲ್ಲಿ ಗೊಣಗಿದ್ದು ಈ ವ್ಯಾಪಾರವನ್ನೇ ನೆನೆದು.

ರೋಮನ್ನರು ಕಟ್ಟಿದ ಊರಾಗಲೀ ಬಯಲು ರಂಗಮಂದಿರವಾಗಲೀ ನಮ್ಮ ಕಡೆ ಇಲ್ಲ. ಇರುವುದು ಅವರ ವ್ಯಾಪಾರ ನಡೆದ ಹಾದಿ, ಆ ಹಾದಿಯುದ್ದಕ್ಕೂ ಬಂಡೆಯಲ್ಲಿ ಕೊರೆದ ವಿಹಾರಗಳು, ಮತ್ತು ಆ ವಿಹಾರದ ಕಂಬಗಳ ಮೇಲೆ ದಾನಿಗಳಾಗಿ ಹೆಸರು ಕೆತ್ತಿಸಿದ ‘ಯವನರು’, ಅಂದರೆ ಗ್ರೀಕ್, ರೋಮ್ ಕಡೆಯವರೆಂದು ಕರೆಸಿಕೊಂಡವರು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿರುವ ಕನ್ನಡ ಕುಟುಂಬಗಳು ಇದನ್ನು ನೋಡಲು ಕಾರು ಗೊತ್ತುಮಾಡಬೇಕಿಲ್ಲ, ಟೂರ್ ಕಂಪನಿಗೆ ಸಾವಿರಗಟ್ಟಲೆ ಕೊಡಬೇಕಿಲ್ಲ. ರೈಲಿನ ಜನರಲ್ ಟಿಕೆಟ್, ಶೇರ್ ರಿಕ್ಷಾ, ಡಬ್ಬಿಯಲ್ಲಿ ಚಿತ್ರಾನ್ನ ಇದ್ದರೆ ಸಾಕು.

ನೋಡಲು ನಾಲ್ಕಾರು ಜಾಗಗಳಿವೆ. ಒಂದೇ ದಿನ ಬಿಡುವಿದ್ದರೆ ಕಾರ್ಲಾದ ಬೌದ್ಧ ಗುಹೆಗೆ ಹೋಗಿ. ಅದಕ್ಕೆ ಎರಡು ಕಾರಣ. ಯವನರ ಹೆಸರು ಕಣ್ಣಾರೆ ಕಾಣುವುದು ಅಲ್ಲಿ. ಆ ಗುಹೆಯನ್ನು ಪೂರ್ತಿಗೊಳಿಸಿದ್ದು ನಮ್ಮ ಬನವಾಸಿಯ ಒಬ್ಬ ಸೆಟ್ಟಿ.

ಕಾರ್ಲಾ ಲೋಣಾವಳಾದ ಆಚೆಗಿದೆ. ಲೋಕಲ್ ಗಾಡಿಗಳು ಕರ್ಜತ್ ಮತ್ತು ಖೋಪೋಲಿಗೆ ಮುಗಿಯುತ್ತವೆ, ಘಟ್ಟ ಹತ್ತುವುದಿಲ್ಲ. ಆದ್ದರಿಂದ ಪುಣೆಯ ಕಡೆಗೆ ಹೋಗುವ ಬೆಳಗಿನ ಎಕ್ಸ್‌ಪ್ರೆಸ್ ಹಿಡಿಯಬೇಕು. ನಮಗೆ ಒಗ್ಗುವುದು ಎರಡು: ಇಂದ್ರಾಯಣಿ ಮತ್ತು ಡೆಕ್ಕನ್ ಎಕ್ಸ್‌ಪ್ರೆಸ್. ಇಂದ್ರಾಯಣಿ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಕಲ್ಯಾಣ ದಾಟುತ್ತದೆ, ಡೆಕ್ಕನ್ ಅದರ ಹಿಂದೆ ಬರುತ್ತದೆ. ವೇಳೆ ಆಗಾಗ ಬದಲಾಗುವುದರಿಂದ ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿಕೊಳ್ಳಿ. ಡೊಂಬಿವಲಿಯವರು ಲೋಕಲ್‌ನಲ್ಲಿ ಕಲ್ಯಾಣಕ್ಕೆ ಬಂದು ಹತ್ತಬೇಕು, ಡೊಂಬಿವಲಿಯಲ್ಲಿ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ. ಡೆಕ್ಕನ್ ಎಕ್ಸ್‌ಪ್ರೆಸ್ ಥಾಣೆಯಲ್ಲೂ ನಿಲ್ಲುತ್ತದೆ, ಹಾಗಾಗಿ ವಾಶಿ, ನೆರೂಳ್, ಐರೋಲಿಯವರು ಟ್ರಾನ್ಸ್‌ಹಾರ್ಬರ್ ಲೋಕಲ್‌ನಲ್ಲಿ ಥಾಣೆಗೆ ಬಂದರೆ ಸಾಕು. ಪನ್ವೇಲ್ ಹತ್ತಿರ ಇರುವವರಿಗೆ ಲೋಣಾವಳಾ ಕಡೆಯ ಎಸ್‌ಟಿ ಬಸ್ ಹೆಚ್ಚು ಸಲೀಸು. ಮಹಾರಾಷ್ಟ್ರ ಎಸ್‌ಟಿಯಲ್ಲಿ 75 ದಾಟಿದ ಹಿರಿಯರಿಗೆ ಪ್ರಯಾಣ ಉಚಿತ, 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್. ಅಜ್ಜಿಯ ಆಧಾರ್ ಕಾರ್ಡ್ ಮರೆಯಬೇಡಿ.

ಟಿಕೆಟಿನ ವಿಷಯದಲ್ಲಿ ಒಂದು ಎಚ್ಚರ. ನಿಮ್ಮ ಲೋಕಲ್ ಪಾಸ್ ಎಕ್ಸ್‌ಪ್ರೆಸ್‌ಗೆ ನಡೆಯುವುದಿಲ್ಲ. ಲೋಣಾವಳಾಕ್ಕೆ ಬೇರೆ ಸೆಕೆಂಡ್ ಕ್ಲಾಸ್ ಜನರಲ್ ಟಿಕೆಟ್ ತೆಗೆಸಬೇಕು. ಇಂದ್ರಾಯಣಿ ಸೂಪರ್‌ಫಾಸ್ಟ್ ಆದ್ದರಿಂದ ಅದಕ್ಕೆ 15 ರೂಪಾಯಿ ಹೆಚ್ಚು. ಕೌಂಟರಿನಲ್ಲಿ ಗಾಡಿಯ ಹೆಸರು ಹೇಳಿಯೇ ಟಿಕೆಟ್ ಕೇಳಿ. ನನಗೆ ಪರಿಚಯದ ಒಂದು ಕುಟುಂಬ ಸಾದಾ ಟಿಕೆಟಿನಲ್ಲಿ ಸೂಪರ್‌ಫಾಸ್ಟ್ ಹತ್ತಿ ದಂಡ ಕಟ್ಟಿತು, ಉಳಿಸಿದ ಹಣವೆಲ್ಲ ಅಲ್ಲೇ ಹೋಯಿತು. ನಿಯಮ ತಿಳಿದು ನಡೆದರೆ ರೈಲಿನ ಖರ್ಚು ಹೋಗಿಬರಲು ಒಬ್ಬರಿಗೆ ಇನ್ನೂರು ರೂಪಾಯಿ ದಾಟುವುದಿಲ್ಲ.

ಕರ್ಜತ್‌ನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್‌ಗಳು ಜೋಡಿಯಾಗುವುದು ಇಲ್ಲಿ. ಪ್ಲಾಟ್‌ಫಾರ್ಮಿನ ಬಟಾಟೆ ವಡಾ ಹೆಸರಾದದ್ದು; ತಿನ್ನುವವರು ತಿನ್ನಿ, ಆದರೆ ಮಕ್ಕಳನ್ನು ಕಿಟಕಿಯ ಬಳಿಯೇ ಕೂರಿಸಿ, ಏಕೆಂದರೆ ಮುಂದಿನದು ಭೋರ್ ಘಟ್ಟ. 37 ಅಡಿಗೆ ಒಂದು ಅಡಿ ಏರುವ ಈ ರೈಲುದಾರಿ 1863ರಲ್ಲಿ ತೆರೆಯಿತು. ಸುರಂಗ ಬಿಟ್ಟು ಸುರಂಗ ಹೊಗುವಾಗ ಮಕ್ಕಳು ಕೂಗಿಕೊಳ್ಳುತ್ತಾರೆ, ಕೂಗಲಿ ಬಿಡಿ. ಕಲ್ಯಾಣ, ಸೋಪಾರದ ಬಂದರುಗಳಲ್ಲಿ ಇಳಿದ ಸರಕು ದಖನ್ನಿನ ಊರುಗಳಿಗೆ ಹತ್ತಿ ಹೋದ ಹಳೆಯ ಘಟ್ಟದಾರಿಗಳಲ್ಲಿ ಇದೂ ಒಂದು. ಕೆಳಗೆ ಕರ್ಜತ್ ಸಮೀಪದ ಕೊಂಡಾಣೆ, ಮೇಲೆ ಕಾರ್ಲಾ, ಭಾಜೆ, ಬೇಡ್ಸೆ, ಹೀಗೆ ಘಟ್ಟದ ಎರಡೂ ಬದಿಗೆ ಬೌದ್ಧ ಗುಹೆಗಳು ಸಾಲುಗಟ್ಟಿರುವುದು ಅದಕ್ಕೇ. ಎತ್ತಿನ ತಂಡಗಳು ದಣಿದು ನಿಲ್ಲುವಲ್ಲಿ ವಿಹಾರ, ನೀರಿನ ತೊಟ್ಟಿ. ವರ್ತಕರ ದಾನದಿಂದ ವಿಹಾರ ಬೆಳೆಯಿತು, ವಿಹಾರದ ನೆರಳಿನಲ್ಲಿ ವರ್ತಕರು ತಂಗಿದರು. ನೀವು ಕೈಯಲ್ಲಿ ಹಿಡಿದಿರುವ ಜನರಲ್ ಟಿಕೆಟ್ಟೂ ಅದೇ ಘಟ್ಟ ಹತ್ತಿಸುತ್ತದೆ.

ಲೋಣಾವಳಾದಲ್ಲಿ ಇಳಿದವರೆಲ್ಲ ಚಿಕ್ಕಿ ಅಂಗಡಿಗಳ ಕಡೆ ಹೋಗುತ್ತಾರೆ. ನೀವು ಅದೇ ಸ್ಟೇಷನ್ನಿನಿಂದ ಪುಣೆ ಲೋಕಲ್ ಹತ್ತಿ, ಮೊದಲನೇ ಸ್ಟೇಷನ್ ಮಳವಲಿಯಲ್ಲಿ ಇಳಿಯಿರಿ. ಈ ಲೋಕಲ್‌ಗಳಿಗೆ ನಡುಹಗಲಲ್ಲಿ ದೊಡ್ಡ ಅಂತರ ಬೀಳುತ್ತದೆ, ಬೆಳಗಿನ ಗಾಡಿ ತಪ್ಪಿಸಿಕೊಂಡರೆ ಬಿಸಿಲಲ್ಲಿ ಕಾಯಬೇಕಾಗುತ್ತದೆ. ತಪ್ಪಿದರೆ ಲೋಣಾವಳಾದಿಂದ ಹಳೆಯ ಮುಂಬಯಿ–ಪುಣೆ ರಸ್ತೆಯಲ್ಲಿ ಹೋಗುವ ಬಸ್ಸಿನಲ್ಲಿ ಕಾರ್ಲಾ ಫಾಟಾದಲ್ಲಿ ಇಳಿಯಬಹುದು. ಮಳವಲಿಯಿಂದ ಕಾರ್ಲಾ ಬೆಟ್ಟದ ಬುಡಕ್ಕೆ ನಾಲ್ಕೈದು ಕಿಲೋಮೀಟರ್. ಮುದುಕರು ಮಕ್ಕಳಿದ್ದರೆ ರಿಕ್ಷಾ. ಹತ್ತುವ ಮೊದಲೇ ದರ ಮಾತಾಡಿ. ನಾಲ್ವರು ಗಟ್ಟಿಕಾಲಿನವರಾದರೆ ನಡೆಯಿರಿ, ದಾರಿ ಚೆನ್ನಾಗಿದೆ.

ಬೆಟ್ಟದ ಮೆಟ್ಟಿಲು ಸುಮಾರು 350. ಮೆಟ್ಟಿಲುದ್ದಕ್ಕೂ ತೆಂಗಿನಕಾಯಿ, ಹೂವು, ಹಸಿರು ಬಳೆಯ ಅಂಗಡಿಗಳು, ಏಕೆಂದರೆ ಗುಹೆಯ ಬಾಗಿಲಲ್ಲೇ ಏಕವೀರಾ ದೇವಿಯ ಗುಡಿ ಇದೆ. ಮುಂಬಯಿ ಕಡಲತೀರದ ಕೋಳಿ ಮೀನುಗಾರರಿಗೆ ಆಕೆ ಕುಲದೇವತೆ. ಭಾನುವಾರ, ನವರಾತ್ರಿ, ಚೈತ್ರದ ಜಾತ್ರೆಯ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭಾನುವಾರ ಲೋಕಲ್ ಲೈನಿನಲ್ಲಿ ಮೆಗಾಬ್ಲಾಕ್ ಕಾಟ ಬೇರೆ. ಶನಿವಾರ ಅಥವಾ ವಾರದ ನಡುವಿನ ರಜೆಯ ದಿನ ಒಳ್ಳೆಯದು. ಜುಲೈ, ಆಗಸ್ಟಿನಲ್ಲಿ ಬೆಟ್ಟ ಹಸಿರಾಗಿ ಕಂಡರೂ ವಾರಾಂತ್ಯದ ಜಂಗುಳಿಗೆ ಲೋಣಾವಳಾ ಸ್ಟೇಷನ್ನಿನಲ್ಲಿ ಮಕ್ಕಳ ಕೈ ಬಿಡುವಂತಿಲ್ಲ. ನವೆಂಬರಿನಿಂದ ಫೆಬ್ರವರಿಯೇ ಸರಿಯಾದ ಕಾಲ. ಪುರಾತತ್ವ ಇಲಾಖೆಯ ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನವರಿಗೆ ಇಲ್ಲ.

ಈಗ ಒಳಗೆ ಬನ್ನಿ. ಮೊದಲು ಹೊರಗಿನ ಸಿಂಹಸ್ತಂಭ. ತುದಿಯಲ್ಲಿ ನಾಲ್ಕು ಸಿಂಹಗಳಿರುವ ಈ ಕಂಬ ಗೋತಿಯ ಮಗ ಮಹಾರಠಿ ಅಗ್ನಿಮಿತ್ರಣಕನ ದಾನ ಎಂದು ಅದರ ಮೇಲಿನ ಬರಹ ಹೇಳುತ್ತದೆ. ಮೊಗಸಾಲೆಗೆ ಬಂದರೆ ಆನೆಗಳು ಗೋಡೆ ಹೊತ್ತು ನಿಂತಿವೆ. ಎಡಬದಿಯ ಶಿಲ್ಪಗಳ ಮೇಲ್ಭಾಗ ನೋಡಿ. ವೈಜಯಂತಿಯಿಂದ ಬಂದ ಸೆಟ್ಟಿ ಭೂತಪಾಲನು ಈ ಕಲ್ಲುಮನೆಯನ್ನು ಪೂರ್ತಿಗೊಳಿಸಿದನೆಂದೂ, ಇದು ಜಂಬೂದ್ವೀಪದಲ್ಲೇ ಉತ್ತಮವಾದುದೆಂದೂ ಅಲ್ಲಿ ಪ್ರಾಕೃತದಲ್ಲಿ ಕೆತ್ತಿದೆ. ವೈಜಯಂತಿ ಎಂದರೆ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮುಂದೆ ಕದಂಬರ ಶಾಸನಗಳೂ ತಮ್ಮ ರಾಜಧಾನಿಯನ್ನು ಅದೇ ಹೆಸರಿನಿಂದ ಕರೆದಿವೆ. ಶಿರಸಿ ಸೀಮೆಯಿಂದ ಹೊರಟ ವ್ಯಾಪಾರಿಯೊಬ್ಬ ಸಹ್ಯಾದ್ರಿಯ ಬೆನ್ನುಹಿಡಿದು ಇಲ್ಲಿಯವರೆಗೆ ಬಂದು, ದುಡಿದು, ದುಡಿದದ್ದನ್ನು ಬಂಡೆಗೆ ಸುರಿದು, ಇಂಥದ್ದು ಬೇರೆಲ್ಲೂ ಇಲ್ಲ ಎಂದು ಹೆಮ್ಮೆಯಿಂದ ಬರೆಸಿದ್ದಾನೆ. ಹೊಟ್ಟೆಪಾಡಿಗೆ ಘಟ್ಟ ದಾಟಿ ಬಂದ ನಮ್ಮ ಹಿರಿಯರನ್ನು ನೆನೆಯದೆ ಆ ಸಾಲಿನ ಮುಂದೆ ನಿಲ್ಲಲು ನನಗಂತೂ ಆಗುವುದಿಲ್ಲ.

ಆತನ ಹೆಮ್ಮೆ ಸುಳ್ಳಲ್ಲ. ಸುಮಾರು 38 ಮೀಟರ್ ಉದ್ದ, 14 ಮೀಟರ್ ಎತ್ತರದ ಈ ಚೈತ್ಯ, ಅಂದರೆ ಬೌದ್ಧರ ಪೂಜಾಮಂದಿರ, ಭಾರತದ ಕೊರೆದ ಚೈತ್ಯಗಳಲ್ಲೇ ದೊಡ್ಡದು. ಚಾವಣಿಯತ್ತ ಕತ್ತೆತ್ತಿದರೆ ಕಮಾನಿನಂತೆ ಬಾಗಿದ ಮರದ ತೊಲೆಗಳು ಕಾಣುತ್ತವೆ. ಅವು ಆಮೇಲೆ ಹಾಕಿದವಲ್ಲ, ಗುಹೆ ಕೊರೆದ ಕಾಲದ ಮರವೇ. ಮುಂಬಯಿಯ ತೇವಗಾಳಿಯಲ್ಲಿ ಕಪಾಟಿನ ಬಾಗಿಲು ಉಬ್ಬುವುದನ್ನು ನೋಡುವ ನಮಗೆ ಎರಡು ಸಾವಿರ ವರ್ಷ ಬಾಳಿದ ಮರ ಎಂದರೆ ಏನೆಂದು ಬೇರೆ ವಿವರಿಸಬೇಕಿಲ್ಲ.

ಕಂಬಗಳ ಮೇಲೆ ಜನರೆಲ್ಲ ನೋಡುವುದು ತುದಿಯ ಆನೆಗಳನ್ನು, ಆನೆಯ ಮೇಲೆ ಕುಳಿತ ಜೋಡಿಗಳನ್ನು. ನೋಡಬೇಕು, ಚೆಲುವಾಗಿವೆ. ಆದರೆ ಯವನರು ಇರುವುದು ಕೆಳಗೆ, ಕಂಬದ ಮೈಮೇಲೆ. ಮೊದಲ ಸಲ ಹೋದಾಗ ಮಂದ ಬೆಳಕಿನಲ್ಲಿ ಒಂದಕ್ಷರವೂ ಕಾಣದೆ ಮರಳಿದ್ದೆ. ಎರಡನೇ ಸಲ ಉಪಾಯ ತಿಳಿದಿತ್ತು. ಮೊಬೈಲ್ ಟಾರ್ಚನ್ನು ಅಕ್ಷರದ ಎದುರಿಗೆ ಹಿಡಿಯಬಾರದು. ಕಂಬದ ಪಕ್ಕಕ್ಕೆ ನಿಂತು, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿಯಬೇಕು. ಆಗ ಪ್ರತಿ ಗೀಟಿನಲ್ಲೂ ನೆರಳು ತುಂಬಿ ಸಾಲು ಮೇಲೆದ್ದು ಬರುತ್ತದೆ. ಲಿಪಿ ಬ್ರಾಹ್ಮಿ, ಕನ್ನಡ ಲಿಪಿಗೂ ಮೂಲ ಅದೇ. ಹುಡುಕಬೇಕಾದ್ದು ಮೂರು ಅಕ್ಷರ. ‘ಯ’ ಹಡಗಿನ ಲಂಗರಿನ ಹಾಗಿರುತ್ತದೆ. ‘ವ’ ಎಂದರೆ ಪುಟ್ಟ ವೃತ್ತ, ಅದರ ನೆತ್ತಿಯ ಮೇಲೊಂದು ನೆಟ್ಟನೆ ಗೀಟು. ‘ನ’ ಎಂದರೆ ಅಡ್ಡ ಗೀಟಿನ ಮೇಲೆ ನಿಂತ ಒಂದು ಕಡ್ಡಿ. ಮೂರೂ ಒಂದರ ಪಕ್ಕ ಒಂದು ಸಿಕ್ಕಿದರೆ ‘ಯವನ’. ಅದೇ ಸಾಲಿನಲ್ಲಿ ನಡುವೆ ಚುಕ್ಕಿಯಿರುವ ವೃತ್ತ ಕಂಡರೆ ಅದು ‘ಥ’, ಥಭೋ ಎಂಬ ಪದದ ಮೊದಲ ಅಕ್ಷರ, ಅಂದರೆ ಕಂಬ. ನಮ್ಮ ಇಂದಿನ ಥ ಅಕ್ಷರದ ಹೊಟ್ಟೆಯಲ್ಲೂ ಚುಕ್ಕಿ ಇದೆಯಲ್ಲ.

ಹೀಗೆ ಓದುತ್ತ ಹೋದರೆ ಧೇನುಕಾಕಟ ಎಂಬ ಊರಿನ ಯವನರು ಒಬ್ಬೊಬ್ಬರಾಗಿ ಒಂದೊಂದು ಕಂಬ ಕೊಟ್ಟದ್ದು ತಿಳಿಯುತ್ತದೆ. ಸಿಹಧಯ ಎಂಬವನದು ಒಂದು, ಧಮ್ಮ ಎಂಬವನದು ಇನ್ನೊಂದು. ಹೆಸರುಗಳು ಇಲ್ಲಿನವೇ. ‘ಯವನ’ ಎಂಬ ಮಾತು ಗ್ರೀಕರಿಗೂ ಅವರ ಹಿಂದೆ ಬಂದ ರೋಮ್ ಸಾಮ್ರಾಜ್ಯದ ಜನರಿಗೂ ಒಟ್ಟಾಗಿ ನಡೆಯುತ್ತಿತ್ತು. ಇವರು ಕಡಲು ದಾಟಿ ಬಂದ ವ್ಯಾಪಾರಿಗಳೋ, ತಲೆಮಾರುಗಳಿಂದ ಇಲ್ಲೇ ನೆಲೆಸಿ ಬುದ್ಧನನ್ನು ನಂಬಿದವರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ಮುಗಿದಿಲ್ಲ. ಎರಡನೆಯದೇ ನನಗೆ ಹೆಚ್ಚು ಸರಿ ಎನಿಸುತ್ತದೆ. ಪಾತ್ರೆ ನಾಣ್ಯ ಸಾಗಿಸಿ ಹೋಗುವವನು ಪರದೇಶದ ಗುಹೆಗೆ ಕಂಬ ಕೊಟ್ಟಾನೇ? ಊರು ತನ್ನದು ಅನ್ನಿಸಿದವನು ಕೊಡುತ್ತಾನೆ. ಅದೇ ಸಾಲಿನಲ್ಲಿ ಸೋಪಾರಕದಿಂದ ಬಂದ ಸಾತಿಮಿತನ ಕಂಬವೂ ಇದೆ. ಬನವಾಸಿ, ಸೋಪಾರ, ಯವನರು, ಎಲ್ಲರೂ ಒಂದೇ ಮಾಡಿನ ಕೆಳಗೆ.

ಕಾಲಿಗೆ ಇನ್ನೂ ಕಸುವಿದ್ದರೆ ಮಳವಲಿಗೆ ಮರಳಿ, ಹಳಿಯ ಇನ್ನೊಂದು ಬದಿಗೆ ಎರಡು–ಮೂರು ಕಿಲೋಮೀಟರ್ ನಡೆದು ಭಾಜೆ ಗುಹೆ ನೋಡಿ. ಅದು ಕಾರ್ಲಾಕ್ಕಿಂತ ಹಳೆಯದು, ಜನ ಕಡಿಮೆ. ಮರಳಲು ಡೆಕ್ಕನ್ ಎಕ್ಸ್‌ಪ್ರೆಸ್ ಮಧ್ಯಾಹ್ನ ಮೂರರ ನಂತರ ಪುಣೆ ಬಿಟ್ಟು ಲೋಣಾವಳಾಕ್ಕೆ ಬರುತ್ತದೆ, ಇಂದ್ರಾಯಣಿ ಸಂಜೆ. ಭಾಜೆಯನ್ನೂ ಸೇರಿಸಿದರೆ ಇಂದ್ರಾಯಣಿಯನ್ನೇ ನಂಬಬೇಕು.

ಕಾರ್ಲಾ ದೂರವಾಯಿತು, ಅರ್ಧ ದಿನವೇ ಇದೆ ಎನ್ನುವವರಿಗೆ ಸೋಪಾರ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಲಾಭವಿದೆ, ಅದು ಬಹಳ ಜನಕ್ಕೆ ತಿಳಿದಿಲ್ಲ. ದಾದರ್‌ಗೆ ಹೋಗಿ ವೆಸ್ಟರ್ನ್ ಲೈನ್ ಹಿಡಿದು ವಿರಾರ್ ಗಾಡಿಯಲ್ಲಿ ನಜ್ಜುಗುಜ್ಜಾಗಬೇಕಿಲ್ಲ. ದಿವಾದಿಂದ ವಸಾಯಿ ರೋಡ್‌ಗೆ ಮೆಮು ಗಾಡಿ ಇದೆ. ಡೊಂಬಿವಲಿಯವರಿಗೆ ಕೋಪರ್ ಸ್ಟೇಷನ್ನಿನ ಮೇಲಿನ ಪ್ಲಾಟ್‌ಫಾರ್ಮಿನಲ್ಲೇ ಅದು ಸಿಗುತ್ತದೆ. ಭಿವಂಡಿ, ಖಾರ್‌ಬಾವ್, ಕಾಮಣ್, ಜೂಚಂದ್ರ ದಾಟಿ, ಗದ್ದೆ, ಉಪ್ಪಿನಗದ್ದೆ, ಖಾಡಿ ನೋಡಿಕೊಂಡು ವಸಾಯಿಗೆ. ಅಲ್ಲಿಂದ ವಿರಾರ್ ಲೋಕಲ್‌ನಲ್ಲಿ ಮುಂದಿನ ಸ್ಟೇಷನ್ನೇ ನಾಲಾಸೋಪಾರ. ಪನ್ವೇಲ್ ಕಡೆಯಿಂದಲೂ ವಸಾಯಿಗೆ ಮೆಮು ಇದೆ. ದಿನಕ್ಕೆ ಬೆರಳೆಣಿಕೆಯ ಗಾಡಿಗಳಷ್ಟೇ, ಹೋಗುವ ಗಾಡಿಯ ಜೊತೆ ಮರಳುವ ಗಾಡಿಯ ವೇಳೆಯನ್ನೂ ಬರೆದುಕೊಂಡೇ ಹೊರಡಿ.

ನಾಲಾಸೋಪಾರದ ಪಶ್ಚಿಮಕ್ಕೆ ಇಳಿದು ರಿಕ್ಷಾದವನಿಗೆ ‘ಬೌದ್ಧ ಸ್ತೂಪ’ ಎಂದರೆ ಸಾಕು. ಊರಿನವರು ಬಹುಕಾಲ ಅದನ್ನು ‘ಬುರುಡ ರಾಜನ ಕೋಟೆ’ ಎಂದು ಕರೆಯುತ್ತಿದ್ದರು. 1882ರಲ್ಲಿ ವಿದ್ವಾಂಸ ಭಗವಾನ್‌ಲಾಲ್ ಇಂದ್ರಜಿ ಆ ಇಟ್ಟಿಗೆಯ ದಿಬ್ಬವನ್ನು ಅಗೆಸಿದಾಗ ಒಳಗೆ ಕಲ್ಲಿನ ಭರಣಿ ಸಿಕ್ಕಿತು. ಅದರೊಳಗೆ ಒಂದರೊಳಗೊಂದು ಕರಂಡಕಗಳು: ತಾಮ್ರ, ಬೆಳ್ಳಿ, ಕಲ್ಲು, ಸ್ಫಟಿಕ, ಕೊನೆಗೆ ಚಿನ್ನ. ಚಿನ್ನದ ಕರಂಡಕದೊಳಗೆ ಇದ್ದದ್ದು ಮಣ್ಣಿನ ಪಾತ್ರೆಯ ಚೂರುಗಳು. ಬುದ್ಧನ ಭಿಕ್ಷಾಪಾತ್ರೆಯದೆಂದು ಅದನ್ನು ಅಷ್ಟು ಜೋಪಾನವಾಗಿ ಇಟ್ಟಿದ್ದರು. ಜೊತೆಗೆ ಎಂಟು ಕಂಚಿನ ಬುದ್ಧಮೂರ್ತಿಗಳು, ಸಾತವಾಹನ ದೊರೆ ಯಜ್ಞ ಸಾತಕರ್ಣಿಯ ಬೆಳ್ಳಿ ನಾಣ್ಯ. ಅವೆಲ್ಲ ಮುಂಬಯಿಯ ಏಷ್ಯಾಟಿಕ್ ಸೊಸೈಟಿಗೆ ಹೋದವು. ಸೋಪಾರದಲ್ಲಿ ಸಿಕ್ಕ ಅಶೋಕನ ಬಂಡೆಶಾಸನದ ತುಂಡುಗಳು ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿವೆ. ಈಗ ಸ್ಥಳದಲ್ಲಿ ಉಳಿದಿರುವುದು ಇಟ್ಟಿಗೆಯ ದಿಬ್ಬ, ಅಲ್ಲಲ್ಲಿ ಕಲ್ಲು, ಮರದ ನೆರಳು. ಬರೀ ಕಣ್ಣಿಗೆ ಹಬ್ಬ ಬೇಕೆನ್ನುವವರು ಇಲ್ಲಿಗೆ ಹೋಗಬೇಡಿ. ಹತ್ತಿರದ ಚಕ್ರೇಶ್ವರ ಕೆರೆಯ ಗುಡಿಯ ಬಳಿ ಹಳೆಯ ಶಿಲ್ಪಗಳಿವೆ, ಅದನ್ನೂ ಸೇರಿಸಿಕೊಳ್ಳಿ.

ಕನ್ಹೇರಿಗೆ ನಮ್ಮವರು ಪಿಕ್ನಿಕ್ಕಿಗೆಂದು ಹೋಗಿಯೇ ಇರುತ್ತಾರೆ. ಥಾಣೆಯಿಂದ ಘೋಡ್‌ಬಂದರ್ ರಸ್ತೆಯ ಬಸ್ಸಿನಲ್ಲಿ ಬೊರಿವಲಿ, ಅಲ್ಲಿಂದ ರಾಷ್ಟ್ರೀಯ ಉದ್ಯಾನದ ಒಳಗಿನ ಬಸ್ಸು. ಸೋಮವಾರ ಉದ್ಯಾನಕ್ಕೆ ರಜೆ. ಅಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ, ದಾನಿಗಳ ಪಟ್ಟಿಯಲ್ಲಿ ಕಲ್ಯಾಣದ ವರ್ತಕರ ಹೆಸರು ಮತ್ತೆ ಮತ್ತೆ ಬರುತ್ತದೆ. ಕನ್ನಡಿಗರಿಗೆ ಇನ್ನೊಂದು ಸಂಗತಿ ಮುಖ್ಯ. ಇಲ್ಲಿನ 9ನೇ ಶತಮಾನದ ಮೂರು ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ, ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿ, ಕಪರ್ದಿಯರ ಹೆಸರಿದೆ. ಅಮೋಘವರ್ಷನೇ ‘ಕವಿರಾಜಮಾರ್ಗ’ದ ನೃಪತುಂಗ, ಅವನ ಆಳ್ವಿಕೆ ಬೊರಿವಲಿಯ ಈ ಕಾಡಿನವರೆಗೆ ಇತ್ತು. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಕ್ಕಿಂತ, ಕನ್ಹೇರಿಯ ಆ ಗೋಡೆ ತೋರಿಸಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಕಲ್ಯಾಣದಲ್ಲೇ ಏನಿಲ್ಲವೇ ಎಂದು ಕೇಳುತ್ತೀರಿ. ಹಳೆಯ ಬಂದರಿನ ಗುರುತು ಕಣ್ಣಿಗೆ ಕಾಣುವಂತೆ ಉಳಿದಿಲ್ಲ. ಆದರೂ ಸ್ಟೇಷನ್ನಿನ ಪಶ್ಚಿಮದಿಂದ ಬಸ್ಸಿನಲ್ಲಿ ದುರ್ಗಾಡಿ ಕೋಟೆಗೆ ಹೋಗಿ, ಸಂಜೆ ಹೊತ್ತು ಖಾಡಿಯ ಕಡೆ ಮುಖಮಾಡಿ ನಿಲ್ಲಿ. ಉಲ್ಹಾಸ್ ನದಿ ಕಡಲಿಗೆ ತೆರೆದುಕೊಳ್ಳುವ ಈ ನೀರಿನಲ್ಲೇ ಆ ಹಡಗುಗಳು ಬಂದದ್ದು. ಕಾರ್ಲಾಕ್ಕೆ ಹೋಗುವ ಹಿಂದಿನ ದಿನ ಇಲ್ಲಿಗೆ ಬಂದು ಹೋದರೆ ಮರುದಿನದ ಪಯಣಕ್ಕೆ ತಲೆಬುಡ ಸಿಗುತ್ತದೆ. ಇನ್ನುಳಿದದ್ದು ಘಾರಾಪುರಿ, ಅಂದರೆ ಎಲಿಫೆಂಟಾ; ಅಲ್ಲಿಗೆ ಗೇಟ್‌ವೇಯಿಂದ ದೋಣಿ. ಆ ದ್ವೀಪದ ತೀರದಲ್ಲಿ ರೋಮನ್ ಮದ್ಯದ ಜಾಡಿಗಳ ಚೂರು ಸಿಕ್ಕಿವೆ. ಆದರೆ ದೋಣಿಯ ದರ ಸೇರಿದರೆ ಅಗ್ಗದ ಪಯಣವಾಗುವುದಿಲ್ಲ, ಅದನ್ನು ಬೇರೆ ದಿನಕ್ಕೆ ಇಡಿ.

ನಮ್ಮ ಕಡೆಯ ಕನ್ನಡ ಸಂಘಗಳಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ ಬಸ್ಸು ಗೊತ್ತುಮಾಡಿ ರಿಸಾರ್ಟಿಗೆ ಹೋಗುವ ಬದಲು, ಒಂದು ವರ್ಷ ಇಪ್ಪತ್ತು ಮಕ್ಕಳನ್ನು ಜನರಲ್ ಡಬ್ಬಿಯಲ್ಲಿ ಕಾರ್ಲಾಕ್ಕೆ ಕರೆದುಕೊಂಡು ಹೋಗಿ. ಹಿಂದಿನ ದಿನ ಒಂದು ಹಾಳೆಯಲ್ಲಿ ಲಂಗರು, ನೆತ್ತಿಯ ಮೇಲೆ ಗೀಟಿರುವ ವೃತ್ತ, ನಿಂತ ಕಡ್ಡಿ, ಈ ಮೂರು ಚಿತ್ರ ಬರೆದು ಅವರ ಕೈಗೆ ಕೊಡಿ. ಕಲ್ಲನ್ನು ಮುಟ್ಟಬಾರದು, ಅಕ್ಷರಕ್ಕೆ ಸುಣ್ಣ ಸೀಮೆಸುಣ್ಣ ಬಳಿಯಬಾರದು ಎಂದು ಹೇಳಿ. ಕಂಬ ಹುಡುಕುವ ಕೆಲಸವನ್ನು ಅವರಿಗೇ ಬಿಡಿ.